ಉಗ್ರಾಣದ ದೀಪ

ನಮ್ಮ ಮನೆಯಲ್ಲಿ ತುಪ್ಪದ ಭರಣಿಗೆ ಇದ್ದಷ್ಟು ಕಾವಲು ದೇವರಿಗೂ ಇರಲಿಲ್ಲ. ದೇವರ ಕೋಣೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಬೆಳ್ಳಿಯ ಪಂಚಪಾತ್ರೆ, ಉದ್ಧರಣೆ, ಗಂಟೆ ಎಲ್ಲ ಬಂದವರ ಕಣ್ಣಿಗೆ ಬೀಳುವಂತೆ ಕೂತಿರುತ್ತಿದ್ದವು. ಅದರ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಆದರೆ ಉಗ್ರಾಣದಲ್ಲಿ ತುಪ್ಪ ಒಂದು ಬೆರಳು ಕೆಳಗಿಳಿದರೆ ಅಜ್ಜಿಗೆ ಜಪ ತಪ್ಪುತ್ತಿತ್ತು. ಭರಣಿಯ ಮುಚ್ಚಳದ ಮೇಲೆ ಆಕೆ ಒಂದು ಶೇಂಗಾ ಬೀಜ ಇಟ್ಟಿರುತ್ತಿದ್ದಳು. ಬೆಳಿಗ್ಗೆ ಇಟ್ಟ ಬೀಜ ಸಂಜೆ ಇಟ್ಟ ಜಾಗದಲ್ಲಿ ಇರದಿದ್ದರೆ ಯಾರೋ ಮುಚ್ಚಳ ತೆಗೆದಿದ್ದಾರೆ ಎಂದರ್ಥ. ಬೆಲ್ಲದ ಪೆಂಟಿಗೆ ಸುತ್ತಿದ ಅರಿವೆಯ ಗಂಟನ್ನು ತನಗೊಬ್ಬಳಿಗೇ ಬರುವ ರೀತಿಯಲ್ಲಿ ಹಾಕುತ್ತಿದ್ದಳು. ಇಲಿ, ಇರುವೆ, ಗಾಳಿ ಇವುಗಳ ಮೇಲೆ ಅಜ್ಜಿಗೆ ಸಂಶಯವೇ ಇರಲಿಲ್ಲ. ಅನುಮಾನ ಪಡುವುದಾದರೆ ಮನುಷ್ಯರ ಮೇಲೇ ಪಡಬೇಕು, ಅದೂ ಮನೆಯವರ ಮೇಲೆ, ಎನ್ನುವುದು ಆಕೆಯ ಲೆಕ್ಕ.

ಧಾರವಾಡದ ಆ ಮನೆ ಅಗಲವಿಲ್ಲದ, ಬರೀ ಉದ್ದನೆಯ ಮನೆ. ಬೀದಿಗೆ ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡಿಗೆಮನೆ. ಅಡಿಗೆಮನೆಯ ತುದಿಗೆ ಒಂದು ಇಕ್ಕಟ್ಟಾದ ಕತ್ತಲೆಯ ಓಣಿ. ಆ ಓಣಿಯ ಎಡಕ್ಕೆ ಉಗ್ರಾಣದ ಬಾಗಿಲು, ಬಲಕ್ಕೆ ಹಿತ್ತಲ ಬಾಗಿಲು. ಎರಡೂ ಎದುರುಬದುರು. ಅಜ್ಜಿ ದಿನವಿಡೀ ಪಡಸಾಲೆಯ ಮಣೆಯ ಮೇಲೆ ಕೂತು ಜಪ ಮಾಡುತ್ತಿದ್ದಳು. ಅಲ್ಲಿಂದ ಬೀದಿಯೆಲ್ಲ ಕಾಣುತ್ತಿತ್ತು, ಉಗ್ರಾಣ ಮಾತ್ರ ಕಾಣುತ್ತಿರಲಿಲ್ಲ. ಆಕೆಯ ಜೀವಕ್ಕೆ ಇದ್ದ ದೊಡ್ಡ ಸಂಕಟ ಇದೇ. ಕೀಲಿ ಹಾಕಿಬಿಡು ಎಂದು ಅಪ್ಪ ಎಷ್ಟೋ ಸಲ ಹೇಳಿದ್ದ. ಅಜ್ಜಿ ಒಪ್ಪುತ್ತಿರಲಿಲ್ಲ.

"ಕೀಲಿ ಹಾಕಿದ್ರ ಮಂದಿ ಏನಂತಾರ? ಮನ್ಯಾಗಿನವರ ಮ್ಯಾಲೇ ಸಂಶೇ ಅಂತಾರ. ನನಗ ಯಾರ ಮ್ಯಾಲೂ ಸಂಶೇ ಇಲ್ಲಪಾ. ಯಾರಂತ ಗೊತ್ತಾಗಬೇಕು, ಅಷ್ಟಽ."

ಈ 'ಯಾರು' ಎಂಬುದಕ್ಕೆ ಮನೆಯಲ್ಲಿ ಇದ್ದವರೇ ಕೆಲವರು. ಅಪ್ಪ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದ. ಅವ್ವ ಬೆಳಗಿನಿಂದ ಸಂಜೆಯತನಕ ಒಲೆಯ ಮುಂದೆ. ನಾನು ಸಾಲೆಗೆ ಹೋಗುವ ಹುಡುಗಿ, ಒಬ್ಬಳೇ ಮಗಳು. ಇನ್ನು ಅಪ್ಪನ ತಂಗಿ, ಗೋದಾ ಅತ್ಯಾ. ಅತ್ಯಾಳನ್ನು ಅಮ್ಮಿನಬಾವಿಗೆ ಕೊಟ್ಟಿದ್ದರು. ಮದುವೆಯಾಗಿ ಬಹಳ ದಿನ ಆಗುವ ಮೊದಲೇ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ಬಂದವಳು ಇಲ್ಲಿಯೇ ಉಳಿದಳು. ನನಗೆ ತಲೆ ಬಾಚಿ ಹೆರಳು ಹಾಕುತ್ತಿದ್ದವಳು ಅವಳೇ, ಜ್ವರ ಬಂದರೆ ಪಕ್ಕದಲ್ಲಿ ಮಲಗುತ್ತಿದ್ದವಳೂ ಅವಳೇ. ಆದರೂ ಊಟಕ್ಕೆ ಕೂತಾಗ ಅವಳು ಎರಡನೆಯ ಸಲ ಅನ್ನ ಕೇಳಿದ್ದನ್ನು ನಾನು ಎಂದೂ ನೋಡಿಲ್ಲ. ಬಡಿಸಿದರೆ ಬೇಡ ಎನ್ನುತ್ತಿರಲಿಲ್ಲ. ಕೇಳುತ್ತಲೂ ಇರಲಿಲ್ಲ.

ಅಪ್ಪನಿಗೆ ಒಂದು ಹುಚ್ಚು. ಲಕಮನಹಳ್ಳಿಯ ಕಾರ್ಖಾನೆಗಳಲ್ಲಿ ಬೇಡವಾದ, ಹೆಚ್ಚಾಗಿ ಉಳಿದ ವಿದ್ಯುತ್ ಸಾಮಾನುಗಳನ್ನು ಗುಜರಿಯವರು ತೂಕದ ಮೇಲೆ ಕೊಂಡು ತರುತ್ತಿದ್ದರು. ಅಪ್ಪ ಭಾನುವಾರ ಅವರ ಅಂಗಡಿಗೆ ಹೋಗಿ ಆ ರಾಶಿಯಲ್ಲಿ ಕೈ ಆಡಿಸುತ್ತಿದ್ದ. ಮೀಟರು, ಗುಂಡಿ, ಸುರುಳಿ, ಏನಾದರೊಂದು ಹಿಡಿದುಕೊಂಡೇ ಮನೆಗೆ ಬರುವುದು. ಒಮ್ಮೆ ಒಂದು ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ ತಂದ. ಮುಂಭಾಗದಲ್ಲಿ ಗಾಜಿನ ಹಿಂದೆ ಎರಡು ಸಣ್ಣ ಕೆಂಪು ದೀಪ. ದೀಪ ಹತ್ತಿದಾಗ ಒಳಗಿನಿಂದ ಕಿರ್‍ರ್ ಎಂದು ಸದ್ದು. ಕಾರ್ಖಾನೆಯಲ್ಲಿ ಯಾವ ಯಂತ್ರ ಕೆಟ್ಟಿದೆ ಎಂದು ತೋರಿಸಲು ಮಾಡಿದ್ದಂತೆ. ಪೆಟ್ಟಿಗೆ ಹೊಚ್ಚ ಹೊಸದು. ಹಿಂಭಾಗದಲ್ಲಿ ಮೂರು ಹಿತ್ತಾಳೆಯ ಪಿನ್ನುಗಳು ಸಾಲಾಗಿ ನಿಂತಿದ್ದವು, ಅವಕ್ಕೆ ಸಿಗಿಸುವ ಪ್ಲಗ್ಗು ಮಾತ್ರ ಇರಲಿಲ್ಲ. ಅಪ್ಪ ಆ ಪ್ಲಗ್ಗು ಹುಡುಕಿಕೊಂಡು ಹುಬ್ಬಳ್ಳಿಯ ರೇಡಿಯೋ ಅಂಗಡಿಗಳನ್ನೆಲ್ಲ ತಿರುಗಿದ. ನಾನೂ ಜೊತೆಗಿದ್ದೆ. ಕೊನೆಯ ಅಂಗಡಿಯವನು ಪೆಟ್ಟಿಗೆಯನ್ನು ತಿರುಗಿಸಿ ನೋಡಿ ನಕ್ಕ.

"ಸರ, ಇದರ ಜೋಡಿ ಸಿಗೂದಿಲ್ರಿ. ಕಂಪನಿ ಮಾಲು ಐತಿ. ಗಂಡು ನಿಮ್ಮ ಕಡೆ ಬಂದೈತಿ, ಹೆಣ್ಣು ಎಲ್ಲಿ ಹೋತೋ ಯಾರಿಗೆ ಗೊತ್ರಿ!"

ಅಪ್ಪ ಅಂಗಡಿಯಿಂದ ಇಳಿಯುತ್ತಲೇ ನನ್ನ ಕಿವಿಯಲ್ಲಿ, "ಅವನ ಕಡೆ ಅದ. ಕೊಡವಲ್ಲ ಮಗಾ," ಎಂದ. ನಮ್ಮ ಮನೆತನದ ರಕ್ತ ಅದು, ಎಲ್ಲಿ ಹೋದೀತು.

ಪ್ಲಗ್ಗನ್ನು ಅಪ್ಪ ತಾನೇ ಮಾಡಿದ. ಬಾಲ್‌ಪೆನ್ನಿನ ಹಿತ್ತಾಳೆಯ ರೀಫಿಲ್ಲುಗಳನ್ನು ಬೆರಳ ಗೆಣ್ಣಿನಷ್ಟು ಉದ್ದಕ್ಕೆ ಕತ್ತರಿಸಿ, ಒಳಗಿನ ಮಸಿ ಹೋಗುವಂತೆ ಚಿಮಣಿ ಎಣ್ಣೆಯಲ್ಲಿ ತೊಳೆದ. ಅದಕ್ಕೆ ಅವ್ವನ ಸ್ಟೀಲಿನ ಬಟ್ಟಲನ್ನೇ ಬಳಸಿದ್ದರಿಂದ ಆ ವಾರವೆಲ್ಲ ಅಡಿಗೆಮನೆಯಲ್ಲಿ ಮಾತು ಬಂದ್ ಆಗಿತ್ತು. ತೊಳೆದ ಕೊಳವೆಗಳ ಬಾಯಿ ಸೀಳಿ ಪಿನ್ನಿಗೆ ಬಿಗಿಯಾಗಿ ಕೂರುವಂತೆ ಮಾಡಿ, ಬಾಲಕ್ಕೆ ತಂತಿ ಬೆಸೆದು, ಮೂರನ್ನೂ ಒಂದು ಕುಂಕುಮದ ಡಬ್ಬಿಯಲ್ಲಿ ನಿಲ್ಲಿಸಿ ಅರಗು ಕರಗಿಸಿ ಹೊಯ್ದ. ತಂತಿಗಳ ಬೆಸುಗೆ ಒಂದಕ್ಕೊಂದು ತಾಗಬಾರದಲ್ಲ, ಅದಕ್ಕೆ ಏನಾದರೂ ಸುತ್ತಬೇಕಿತ್ತು. ಅಜ್ಜಿ ತಾನಾಗಿಯೇ ತನ್ನ ಹರಿದ ಮಡಿಯ ಪಟ್ಟೆಸೀರೆಯ ತುಂಡು ಕೊಟ್ಟಳು. ಮಡಿಯಲ್ಲಿ ಅರಳೆಯ ಅರಿವೆ ತಾಗಿದರೆ ಮೈಲಿಗೆ ದಾಟುತ್ತದೆ, ರೇಷ್ಮೆಯಲ್ಲಿ ದಾಟುವುದಿಲ್ಲ. ಕರೆಂಟಿಗೂ ಅದೇ ನೇಮ ಇರಬೇಕು ಎಂದು ಆಕೆಯ ತರ್ಕ. ಅಪ್ಪ ಅದರ ಎಳೆ ಬಿಚ್ಚಿ ಒಂದೊಂದಕ್ಕೂ ಸುತ್ತಿದ. ತಾಯಿಮಗ ಅಷ್ಟು ಪ್ರೀತಿಯಿಂದ ಕೂಡಿ ಕೆಲಸ ಮಾಡಿದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಒಂದು ತಂತಿ ಉಗ್ರಾಣದ ಬಾಗಿಲಿಗೆ, ಇನ್ನೊಂದು ಹಿತ್ತಲ ಬಾಗಿಲಿಗೆ. ನಡುವಿನದು ಎರಡಕ್ಕೂ ಸೇರಿದ್ದು. ಬಾಗಿಲು ತೆರೆದರೆ ಚೌಕಟ್ಟಿಗೆ ಹೊಡೆದ ತಗಡಿನ ಪಟ್ಟಿಗಳು ಒಂದಕ್ಕೊಂದು ತಾಗಿ ಪಡಸಾಲೆಯಲ್ಲಿ ಅದರದರ ದೀಪ ಹತ್ತುತ್ತಿತ್ತು. ಒಂದರ ಕೆಳಗೆ 'ಉಗ್ರಾಣ', ಇನ್ನೊಂದರ ಕೆಳಗೆ 'ಹಿತ್ತಲು' ಎಂದು ಅಪ್ಪ ಬಿಳಿ ಬಣ್ಣದಲ್ಲಿ ಬರೆದ. ಮಧ್ಯಾಹ್ನ ಅವ್ವ ಅಡಿಗೆಮನೆ ಸಾರಿಸಿ ಮಲಗಲು ಹೋದ ಮೇಲೆ ಅಜ್ಜಿ ಅದರ ಗುಂಡಿ ಒತ್ತಿ ಚಾಲೂ ಮಾಡುತ್ತಿದ್ದಳು. ಆಮೇಲೆ ಸಂಜೆಯ ಚಹಾದವರೆಗೆ ಆಕೆಯ ಕೈ ಜಪಮಣಿಯ ಮೇಲೆ, ಕಣ್ಣು ದೀಪದ ಮೇಲೆ.

"ಅವ್ವಾ, ಮನಷ್ಯಾ ಸುಳ್ಳ ಹೇಳ್ಯಾನು, ದೀಪ ಸುಳ್ಳ ಹೇಳೂದಿಲ್ಲ," ಎಂದ ಅಪ್ಪ, ಮೊದಲ ದಿನ.

ಅತ್ಯಾ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. "ಅಣ್ಣಾ, ನಮ್ಮ ಮನ್ಯಾಗ ಕಣ್ಣಿಗೇನು ಕಡಿಮಿ ಇದ್ದೂ? ಮತ್ತೆರಡು ತಂದಿ ನೋಡು," ಎಂದಳು. ಅಪ್ಪ ನಕ್ಕ. ಅಜ್ಜಿ ನಗಲಿಲ್ಲ.

ಅಷ್ಟರಲ್ಲೇ ನವರಾತ್ರಿ ಬಂತು. ಮನೆಯನ್ನೆಲ್ಲ ತೊಳೆದು ಘಟ ಇಟ್ಟು, ಹತ್ತು ದಿನ ಮಡಿ, ಪಾರಾಯಣ, ಊಟ ಎಂದು ಗದ್ದಲದಲ್ಲಿ ಕಳೆಯಿತು. ಬನ್ನಿ ಹಂಚಿ ಮನೆ ಮತ್ತೆ ಮಧ್ಯಾಹ್ನದ ನಿದ್ದೆಗೆ ಮರಳಿದ ಮೇಲೆ ಉಗ್ರಾಣದ ದೀಪ ಹತ್ತತೊಡಗಿತು. ಮೊದಲ ಸಲ ಅಜ್ಜಿ ಎದ್ದು ಗೋಡೆ ಹಿಡಿದುಕೊಂಡು ಅಡಿಗೆಮನೆ ಮುಟ್ಟುವಷ್ಟರಲ್ಲಿ ಓಣಿ ಖಾಲಿ. ಆಮೇಲೆ ಆಕೆ ನಡುಮನೆಯ ಕಂಬದ ಹತ್ತಿರಕ್ಕೆ ಮಣೆ ಸರಿಸಿಕೊಂಡಳು. ಅಲ್ಲಿಂದ ದೀಪವೂ ಓರೆಯಾಗಿ ಕಾಣುತ್ತಿತ್ತು, ಏಳಲೂ ಹತ್ತಿರ. ನಡುನಡುವೆ ಹಿತ್ತಲ ದೀಪವೂ ಕಿರ್‍ರ್ ಎನ್ನುತ್ತಿತ್ತು. ಅದಕ್ಕೆ ಆಕೆ, "ಹಿತ್ತಲ ಬಾಗಲಾ. ಬೆಕ್ಕಿರಬೇಕು," ಎಂದು ದೊಡ್ಡದಾಗಿ ಹೇಳಿ ಕೂತಲ್ಲೇ ಕೂರುತ್ತಿದ್ದಳು. ಹಿತ್ತಲಿಂದ ಆಕೆಗೆ ಏನು ಆಗಬೇಕಿತ್ತು? ಒಂದು ಮಧ್ಯಾಹ್ನ ನನಗೆ ಸಾಲೆ ಇರಲಿಲ್ಲ. ಉಗ್ರಾಣದ ದೀಪ ಹತ್ತಿತು. ಅಜ್ಜಿ ಎದ್ದಳು, ಹಿಂದೆ ನಾನು. ಓಣಿಯ ಬಾಯಲ್ಲಿ ಗೋದಾ ಅತ್ಯಾ ಎದುರಾದಳು.

"ಎಲ್ಲಿ ಹೋಗಿದ್ದಿ?" ಅಜ್ಜಿ ಕೇಳಿದಳು.

ಅತ್ಯಾ ನಿಂತುಬಿಟ್ಟಳು. ತುಟಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಒಂದು ಗಲ್ಲ ಸ್ವಲ್ಪ ಉಬ್ಬಿತ್ತು.

"ಬಾಯಾಗೇನದ?"

ಅತ್ಯಾ ತಲೆ ತಗ್ಗಿಸಿ ನಮ್ಮನ್ನು ದಾಟಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರಿನ ಸದ್ದು ಬಹಳ ಹೊತ್ತು ಕೇಳಿತು. ಅಜ್ಜಿ ನನ್ನ ಕಡೆ ತಿರುಗಿ, "ನೀನೂ ನೋಡಿದಿ ಹೌದಿಲ್ಲೋ?" ಎಂದಳು. ನೋಡಿದ್ದೆ. ಬಾಯಿ ತುಂಬಿದ್ದು ನೋಡಿದ್ದೆ. ದೀಪ ಹತ್ತಿದ್ದೂ ನೋಡಿದ್ದೆ. ಇನ್ನೇನು ಬೇಕು? ಬೆಲ್ಲವೇ ಎಂದು ನನಗೂ ಖಾತ್ರಿಯಾಯಿತು.

ಅಪ್ಪ ಕಾಲೇಜಿನಿಂದ ಬಂದು ಕಾಲು ತೊಳೆಯುವ ಮೊದಲೇ ಅಜ್ಜಿ ಸುದ್ದಿ ಹೇಳಿಯಾಗಿತ್ತು. ನಡುಮನೆಯಲ್ಲಿ ನಾವೆಲ್ಲ ಇದ್ದೆವು. ಅವ್ವ ಮೂಲೆಯಲ್ಲಿ ಕೂತು ಚವಳಿಕಾಯಿ ಸೋಸುತ್ತಿದ್ದಳು. ಅಪ್ಪನಿಗೆ ತಂಗಿಯ ಮೇಲೆ ಸಿಟ್ಟು ಬಂದಿತ್ತೋ ಇಲ್ಲವೋ ಹೇಳಲಾರೆ. ತಾನು ಮಾಡಿದ ಪೆಟ್ಟಿಗೆ ಕೆಲಸ ಮಾಡಿತು ಎಂಬ ಒಂದು ಬೆಳಕು ಮುಖದಲ್ಲಿ ಇದ್ದದ್ದು ಮಾತ್ರ ನಿಜ. ಅದನ್ನು ನೆನೆದರೆ ನನಗೆ ಇಂದೂ ಅವನ ಮೇಲೆ ಸಿಟ್ಟು ಬರುತ್ತದೆ.

"ಗೋದಾ, ಕೇಳಿದ್ರ ಕೊಡ್ತಿರಲಿಲ್ಲೇನು?" ಎಂದ ಅಪ್ಪ. "ಬೆಲ್ಲಾ ಬೇಕಾದ್ರ ಬೆಲ್ಲಾ, ತುಪ್ಪಾ ಬೇಕಾದ್ರ ತುಪ್ಪಾ. ಬಾಯಿ ಬಿಟ್ಟು ಹೇಳಬೇಕು."

"ಬರೇ ತನಗಲ್ಲೋ," ಎಂದಳು ಅಜ್ಜಿ. "ಅಮ್ಮಿನಬಾವಿಗೆ ಮುಟ್ಟಸ್ತಾಳ. ಮೈದುನನ ಮಕ್ಕಳು ಬಂದು ಹೋಗೂ ಮುಂದ ಚೀಲ ಎಷ್ಟು ಭಾರ ಇರತಾವ ನೋಡೀಯಿಲ್ಲೋ? ಕೊಟ್ಟ ಹೆಣ್ಣು ಕುಲಕ್ಕ ಹೊರಗು. ಹಿರ್‍ಯಾರೇನು ಸುಳ್ಳ ಅಂದಾರ?"

"ಅವ್ವಾ, ನಾ ಉಗ್ರಾಣದಾಗ ಕಾಲಿಟ್ಟಿಲ್ಲ."

"ಮತ್ತ ಎಲ್ಲಿ ಹೋಗಿದ್ದಿ, ಅದನ್ನರೆ ಹೇಳು."

ಅತ್ಯಾ ಅಪ್ಪನನ್ನು ನೋಡಿದಳು, ಅವ್ವನನ್ನು ನೋಡಿದಳು. ಅವ್ವ ಚವಳಿಕಾಯಿಯಿಂದ ತಲೆ ಎತ್ತಲಿಲ್ಲ. ಯಾರೂ ಬಯ್ಯಲಿಲ್ಲ, ಯಾರೂ ಹೋಗು ಎನ್ನಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅತ್ಯಾ ನನ್ನ ಹೆರಳು ಹಾಕಿ ಮುಗಿಸಿ, "ಅಮ್ಮಿನಬಾವ್ಯಾಗ ಶೇಂಗಾ ಸುಗ್ಗಿ ಅದ. ಕೈ ಬೇಕಾಗ್ಯಾವಂತ," ಎಂದು ಚೀಲ ಹಿಡಿದು ಪಡಸಾಲೆಗೆ ಬಂದಳು. ಅಜ್ಜಿಯ ಮುಂದೆ ಕೂತಳು. ಯಾರೂ ಕೇಳದೆ, ತಾನೇ ಚೀಲ ಬಿಚ್ಚಿ ಒಂದೊಂದು ಸೀರೆ ತೆಗೆದು, ಮಡಿಕೆ ಬಿಡಿಸಿ, ಝಾಡಿಸಿ ತೋರಿಸಿದಳು. ಅಜ್ಜಿ ಮುಖ ತಿರುಗಿಸಿಕೊಳ್ಳಬಹುದಿತ್ತು. ತಿರುಗಿಸಿಕೊಳ್ಳದೆ ಎಲ್ಲವನ್ನೂ ನೋಡಿದಳು. ನನಗೆ ಎಲ್ಲಿಯಾದರೂ ಹೋಗಿ ಅಡಗಿಕೊಳ್ಳುವಷ್ಟು ನಾಚಿಕೆಯಾಯಿತು.

ಅತ್ಯಾ ಹೋದ ಮೇಲೆ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತಲಿಲ್ಲ. ನನ್ನ ಹೆರಳನ್ನು ಅವ್ವ ಹಾಕತೊಡಗಿದಳು, ಬಿಗಿಯಾಗಿ, ತಲೆ ನೋಯುವಂತೆ. ಮುಂದಿನ ಭಾನುವಾರ ಮಧ್ಯಾಹ್ನ ಅಪ್ಪ ಕರಿಬೇವಿನ ಗಿಡಕ್ಕೆ ನೀರು ಹಾಕಲೆಂದು ಬಕೀಟು ಹಿಡಿದು ಹಿಂದಕ್ಕೆ ಹೋದ. ಕಿರ್‍ರ್ ಎಂದಿತು.

"ಹತ್ತಿತು!" ಅಜ್ಜಿ ಕೂಗಿದಳು. "ಉಗ್ರಾಣ! ಯಾಂವಾ ಅದಾನ ನೋಡ್ರೋ!"

ನಾನು ಓಡಿದೆ. ಉಗ್ರಾಣದ ಬಾಗಿಲು ಮುಚ್ಚಿತ್ತು. ಅದರೆದುರಿಗೆ ಹಿತ್ತಲ ಬಾಗಿಲು ತೆರೆದುಕೊಂಡು ಅಪ್ಪ ಬಕೀಟಿನೊಂದಿಗೆ ನಿಂತಿದ್ದ. ಅವನೂ ಕೂಗು ಕೇಳಿದ್ದ. ಬಾಗಿಲು ಹಾಕಿದ, ತೆಗೆದ. "ಉಗ್ರಾಣ!" ಎಂದು ನಡುಮನೆಯಿಂದ ಮತ್ತೆ ದನಿ. ಬಕೀಟು ಇಳಿಸಿ ಉಗ್ರಾಣದ ಬಾಗಿಲು ತೆಗೆದ. "ಹಿತ್ತಲಾ. ಬೆಕ್ಕಿರಬೇಕು," ಎಂದಳು ಅಜ್ಜಿ. ಅಪ್ಪನ ಮುಖದ ಬಣ್ಣ ಇಳಿಯಿತು. ಪಡಸಾಲೆಗೆ ಬಂದು ಪೆಟ್ಟಿಗೆ ತಿರುಗಿಸಿ ಪ್ಲಗ್ಗು ಕಿತ್ತ. ಅರಗು ನೀರು ಕುಡಿದಂತೆ ಬೆಳ್ಳಗಾಗಿತ್ತು, ರೇಷ್ಮೆಯ ಎಳೆ ಒಣಗಿ ಸೆಟೆದಿತ್ತು. ಕಂಪನಿಯ ಪ್ಲಗ್ಗಾಗಿದ್ದರೆ ಒಂದು ಮೂಲೆ ಕತ್ತರಿಸಿರುತ್ತದೆ, ತಿರುಗಾಮುರುಗಾ ಹಾಕಲು ಹೋದರೆ ಒಳಗೇ ಹೋಗುವುದಿಲ್ಲ. ಅಪ್ಪನ ಕುಂಕುಮದ ಡಬ್ಬಿಗೆ ಅಂಥ ಮೂಲೆ ಎಲ್ಲಿಯದು? ಹೇಗೆ ಸಿಗಿಸಿದರೂ ಕೂರುತ್ತಿತ್ತು. ನಡುವಿನ ತಂತಿ ನಡುವೆಯೇ ಉಳಿಯುವುದರಿಂದ ದೀಪಗಳೂ ಚೆನ್ನಾಗಿಯೇ ಹತ್ತುತ್ತಿದ್ದವು, ಒಂದರ ಬದಲು ಇನ್ನೊಂದು.

"ಇದನ್ನ ಯಾರು ತಗದ್ರು?" ಅಪ್ಪ ಕೇಳಿದ.

ಅಜ್ಜಿಯ ಜಪಮಣಿ ಲಗುಲಗು ಓಡತೊಡಗಿತು. "ಗುಜರಿ ಅಂಗಡೀದು. ಯಾರ್‍ಯಾರು ಮುಟ್ಟಿದ್ದೋ ಏನೋ. ಘಟಾ ಇಡೂ ಮನ್ಯಾಗ ಹಂಗಽ ಇಟ್ಕೊಳ್ಳಿಕ್ಕೆ ಬರತದೇನು? ಪಟ್ಟೀ ಎಳೀ ಬ್ಯಾರೆ ಸುತ್ತೀದಿ. ಒಂದೀಟು ನೀರಾಗ ಅದ್ದಿ, ಬಿಸಲಿಗೆ ಒಣಗಿಸಿ ಹಾಕೇನಿ. ದೀಪ ಹತ್ತಿದೂ, ಹೌದಿಲ್ಲೋ?"

ಅವ್ವ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಿದ್ದಳು. ಅಜ್ಜಿಯ ಎದುರು ನಿಂತು ಮಾತಾಡುವ ರೂಢಿ ಅವಳಿಗಿರಲಿಲ್ಲ. ಅಪ್ಪನನ್ನು ನೋಡಿಯೇ ಹೇಳಿದಳು.

"ದೀಪ ತಪ್ಪು ಹತ್ತತದ ಅಂತ ನನಗ ಗೊತ್ತಿತ್ತು. ನಾ ಉಗ್ರಾಣಕ್ಕ ಹೋದಾಗೆಲ್ಲ ಕಿರ್‍ರ್ ಅಂತಿತ್ತು, ಇಲ್ಲಿ 'ಹಿತ್ತಲಾ, ಬೆಕ್ಕು' ಅಂತಿದ್ರು."

"ಮಧ್ಯಾಹ್ನ ಉಗ್ರಾಣದಾಗ ನಿನ್ನದೇನು ಕೆಲಸ?"

"ಹಸಿವಿ. ಎಲ್ಲಾರದೂ ಊಟಾಗಿ ನನ್ನ ಪಾಳಿ ಬರೂದ್ರಾಗ ಪಲ್ಯಾ ಉಳದಿರೂದಿಲ್ಲ. ಬೆಲ್ಲಾ ಶೇಂಗಾ ತಿಂತಿದ್ದೆ. ನನ್ನ ಮನ್ಯಾಗ ನಾ ತಿಂದೇನಿ, ಕಳವು ಮಾಡಿಲ್ಲ."

"ಹಂಗಿದ್ರ ಅವತ್ತು ಯಾಕ ಬಾಯಿ ಬಿಡಲಿಲ್ಲ?"

"ಅವತ್ತು ನನ್ನ ಯಾರು ಕೇಳಿದ್ರಿ?"

ಎಲ್ಲರೂ ಒಂದೊಂದು ಬಲ್ಲವರೇ. ತೊಳೆದದ್ದು ಅಜ್ಜಿಗೆ ಗೊತ್ತು. ದೀಪ ತಪ್ಪು ಹೇಳುತ್ತದೆ ಎಂದು ಅವ್ವನಿಗೆ ಗೊತ್ತು. ತಾನು ಹೋದದ್ದು ಎಲ್ಲಿಗೆ ಎಂದು ಅತ್ಯಾಳಿಗೆ ಗೊತ್ತು. ಇನ್ನೊಬ್ಬರ ಕಣ್ಣಿಗೆ ಹೆದರಿ ಮೂವರೂ ಸುಮ್ಮನಿದ್ದರು, ಕಬ್ಬಿಣದ ಪೆಟ್ಟಿಗೆ ಒಂದೇ ಧೈರ್ಯದಿಂದ ಮಾತಾಡಿತು. ಅಂದಿನಿಂದ ನನಗೆ ಒಂದು ಗುಣ ಅಂಟಿಕೊಂಡಿದೆ. ಯಾರಾದರೂ ಇದೋ ಸಾಕ್ಷಿ ಎಂದು ಕಣ್ಣ ಮುಂದೆ ಹಿಡಿದರೆ, ನಾನು ಮೊದಲು ಅದರ ಹಿಂಭಾಗ ತಿರುಗಿಸಿ ನೋಡುತ್ತೇನೆ. ಈಗ ಮಂದಿ ಮೊಬೈಲಿನಲ್ಲಿ ಫೋಟೋ ತೋರಿಸಿ ಇವನೇ ಕಳ್ಳ, ಇವಳೇ ಕಳ್ಳಿ ಎಂದಾಗಲೂ ಅಷ್ಟೇ. ನನ್ನ ಗಂಡ ಇದಕ್ಕೆ ಸಂಶಯದ ರೋಗ ಎನ್ನುತ್ತಾನೆ. ಇರಲಿ.

ಮರುದಿನವೇ ಅಪ್ಪ ರಜೆ ಹಾಕಿ ನನ್ನನ್ನು ಕರೆದುಕೊಂಡು ಅಮ್ಮಿನಬಾವಿಯ ಬಸ್ಸು ಹತ್ತಿದ. ಅತ್ಯಾಳ ಮೈದುನನ ಮನೆಯ ಅಂಗಳದಲ್ಲಿ ಶೇಂಗಾ ಬಳ್ಳಿಯ ರಾಶಿ ಬಿದ್ದಿತ್ತು. ಹೆಂಗಸರು ಸುತ್ತ ಕೂತು ಕಾಯಿ ಹರಿಯುತ್ತಿದ್ದರು. ನಡುವೆ ಅತ್ಯಾ. ಅವಳ ಎಡ ಅಂಗೈಯಲ್ಲಿ ಕಪ್ಪು ಪುಡಿ. ಬಲಗೈಯ ಬೆರಳಿಂದ ಅದನ್ನು ಹಲ್ಲಿಗೆ ತಿಕ್ಕುತ್ತ ಯಾರದೋ ಮಾತಿಗೆ ನಗುತ್ತಿದ್ದಳು. ಮಿಶ್ರಿ. ಸುಟ್ಟ ತಂಬಾಕಿನ ಪುಡಿ. ಆ ಊರಲ್ಲಿ ಹೆಂಗಸರು ಮಧ್ಯಾಹ್ನದ ಚಹಾದಂತೆ ತಿಕ್ಕಿಕೊಳ್ಳುತ್ತಿದ್ದ ಅದು ಅವಳಿಗೆ ಗಂಡನ ಮನೆಯಲ್ಲಿ ಕಲಿತ ಚಟ. ಮಡಿಯ ಮನೆಯಲ್ಲಿ ತಂಬಾಕಿನ ಹೆಸರು ಎತ್ತುವಂತಿಲ್ಲ. ಅದಕ್ಕೇ ಎಲ್ಲರೂ ಮಲಗಿದ ಹೊತ್ತಿಗೆ ಹಿತ್ತಲಿಗೆ ಹೋಗಿ, ಗೋಡೆಯ ಮರೆಯಲ್ಲಿ ತಿಕ್ಕಿ ಬರುತ್ತಿದ್ದಳು. ನಮ್ಮನ್ನು ನೋಡಿ ಅವಳು ಕೈ ಹಿಂದಕ್ಕೆ ಮುಚ್ಚಿಕೊಳ್ಳಲಿಲ್ಲ. ಎದ್ದು ಬಾಯಿ ತೊಳೆದು ಬಂದು ನನ್ನ ತಲೆ ಸವರಿದಳು.

"ಇದಽ ನೋಡವಾ, ನಿಮ್ಮಪ್ಪ ಹಿಡದ ಬೆಲ್ಲಾ," ಎಂದಳು.

ಅಪ್ಪ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದ. ಪ್ಲಗ್ಗು ಉಲ್ಟಾ ಆಗಿದ್ದು, ಅಜ್ಜಿ ತೊಳೆದದ್ದು, ಉಗ್ರಾಣಕ್ಕೆ ಹೋಗುತ್ತಿದ್ದವಳು ಅವ್ವ ಎಂಬುದು, ಯಾವುದನ್ನೂ ಮುಚ್ಚಿಡಲಿಲ್ಲ. "ನಂದು ತಪ್ಪಾತು ಗೋದಾ. ತಂತೀದು ತಪ್ಪು. ನೀ ಕಳ್ಳಿ ಅಲ್ಲ ಅಂತ ಖಾತ್ರಿ ಆತು. ನಡಿ, ಮನಿಗೆ ಹೋಗೂಣು," ಎಂದ. ಅತ್ಯಾ ಶೇಂಗಾಕಾಯಿ ಒಡೆದು ಬೀಜ ನನ್ನ ಕೈಗೆ ಹಾಕುತ್ತ ಪೂರ್ತಿ ಕೇಳಿದಳು.

"ಅಣ್ಣಾ, ತಂತಿ ಉಲ್ಟಾ ಇತ್ತು, ಅದಕ್ಕ ನಾ ಕಳ್ಳಿ ಅಲ್ಲ. ಛಲೋ ಆತು. ತಂತಿ ಸರಳ ಇದ್ದು, ನಾ ಖರೇನ ಉಗ್ರಾಣಕ್ಕ ಹೋಗಿ ಒಂದು ತುಣುಕು ಬೆಲ್ಲಾ ಬಾಯಾಗ ಹಾಕ್ಕೊಂಡಿದ್ರ ಏನಂತಿದ್ದಿ? ವೈನಿ ತಿಂದ್ರ ಹಸಿವಿ, ನಾ ತಿಂದ್ರ ಕಳವು?"

  ಅತ್ಯಾ ಅವನ ಉತ್ತರಕ್ಕೆ ಕಾಯದೆ ಎದ್ದಳು. ನಮಗೆ ಊಟಕ್ಕೆ ಹಾಕಿದಳು. ರೊಟ್ಟಿಯ ಮೇಲೆ ಕೆನೆಮೊಸರು ಸುರಿದು, ಬೇಡ ಬೇಡವೆಂದರೂ ಅಪ್ಪನ ತಾಟಿಗೆ ತುಪ್ಪ ಹಾಕಿದಳು. ಬಸ್‌ಸ್ಟ್ಯಾಂಡಿನ ತನಕ ಕಳಿಸಲು ಬಂದಳು. ಬಸ್ಸು ಮಾತ್ರ ಹತ್ತಲಿಲ್ಲ. ಅಪ್ಪ ಮನೆಗೆ ಬಂದು ಪೆಟ್ಟಿಗೆ, ತಂತಿ, ತಗಡು ಎಲ್ಲ ಕಿತ್ತು ಅದೇ ಗುಜರಿ ಅಂಗಡಿಗೆ ಹಾಕಿ 'ಪೀಡಾ ಹೋತು' ಎಂದ. ಆದರೆ ಆ ಪೀಡೆ ಪೆಟ್ಟಿಗೆಯ ಜೊತೆಗೇ ಹೋಯಿತು ಎಂದು ನಾನು ಇಂದಿಗೂ ನಂಬುವುದಿಲ್ಲ.

ಮರುವರ್ಷ ನಾಗರಪಂಚಮಿಗೆ ಅತ್ಯಾ ಬಂದಳು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಲೇಬೇಕಲ್ಲ. ಅಜ್ಜಿ ಬಾಗಿಲವರೆಗೆ ಎದ್ದು ಬಂದು ಕೈ ಹಿಡಿದು ಒಳಗೆ ಕರೆದಳು. ಅಜ್ಜಿಯ ಕಣ್ಣಲ್ಲಿ ನೀರಿತ್ತು, ಖರೇ ನೀರೇ. ಅಪ್ಪ ಜೋಕಾಲಿ ಕಟ್ಟಿದ. ಮನೆ ತುಂಬ ನಗು. ಅಡಿಗೆಮನೆಯಲ್ಲಿ ಅವ್ವ ಮತ್ತು ಅತ್ಯಾ ಉಂಡಿ ಕಟ್ಟಲು ಕೂತರು, ನಾನು ಅವರ ನಡುವೆ. ಅವ್ವನ ಎರಡೂ ಕೈ ಪಾಕದಲ್ಲಿ ಅಂಟಂಟಾಗಿದ್ದವು.

"ಗೋದಾ, ಉಗ್ರಾಣದಾಗ ಎಳ್ಳಿನ ಡಬ್ಬಿ ಅದ. ಲಗೂನ ತೊಗೊಂಡು ಬಾರವಾ, ಪಾಕ ಬಿಗೀತದ," ಎಂದಳು.

ಅತ್ಯಾ ಎದ್ದು ಹೋದಳು. ಬರಲಿಲ್ಲ. ಪಾಕ ಗಟ್ಟಿಯಾಗುತ್ತಿತ್ತು. ನೋಡಿ ಬಾ ಎಂದು ಅವ್ವ ನನ್ನನ್ನು ಕಳಿಸಿದಳು. ಓಣಿಯಲ್ಲಿ ಉಗ್ರಾಣದ ಬಾಗಿಲು ಮುಚ್ಚಿಯೇ ಇತ್ತು. ಅತ್ಯಾ ಅದರ ಮುಂದೆ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ನನ್ನನ್ನು ನೋಡಿ ನಕ್ಕು, ಅಡಿಗೆಮನೆಯ ಕಡೆ ಮುಖ ಮಾಡಿ ಕರೆದಳು.

"ವೈನೀ, ಕೈ ತೊಳಕೊಂಡು ನೀವಽ ಬರ್ರಿ. ಬಾಗಲಾ ನೀವು ತಗೀರಿ, ನಾ ಹೊರಗ ನಿಂತಿರತೇನಿ."